ಕಟ್ಟಳೆಯ ಸಂದೂ ಆಟದ ಧರ್ಮವೂ

ಆಟವೆಂಬುದು ಕಟ್ಟಳೆಯಿಂದಲೇ ಹುಟ್ಟಿದುದು. ಚದುರಂಗದ ಹಾಸಿನ ಮೇಲಿರುವ ಆನೆ ನಿಜಕ್ಕೂ ಒಂದು ಮರದ ತುಂಡು. ಅದು ನೇರವಾಗಿಯೇ ನಡೆಯತಕ್ಕದ್ದೆಂದು ಇಬ್ಬರು ಒಪ್ಪಿದಾಗ ಮಾತ್ರ ಆನೆಯಾಗುತ್ತದೆ. ಒಪ್ಪಿಗೆ ಮುರಿದ ಕ್ಷಣದಲ್ಲಿಯೇ ಅದು ಮತ್ತೆ ಮರದ ತುಂಡು. ಹೀಗಿರುವುದರಿಂದ ಆಟದಲ್ಲಿ ಗೆಲ್ಲುವುದೆಂದರೆ ಕಟ್ಟಳೆಯೊಳಗೆ ಗೆಲ್ಲುವುದೆಂಬುದು ಚಿಕ್ಕ ಮಕ್ಕಳೂ ಬಲ್ಲ ಮಾತು. ಆದರೆ ಆ ಕಟ್ಟಳೆಯಲ್ಲಿಯೇ ಒಂದು ಸಂದು ಉಳಿದುಹೋಗಿದ್ದು, ಅದರೊಳಗಿಂದ ನುಸುಳಿ ಒಬ್ಬನು ಗೆದ್ದರೆ ಅದು ನ್ಯಾಯವಾದ ಗೆಲುವೋ, ಕಳ್ಳಾಟವೋ? ಈ ಪ್ರಶ್ನೆ ಒಂದೇ ಮಾತಿನಲ್ಲಿ ತೀರುವಂಥದಲ್ಲ.

ಇದು ಹಳೆಯ ಪ್ರಶ್ನೆಯೇ ಆದರೂ ಈಗ ಪ್ರತಿ ಮನೆಯನ್ನೂ ಹೊಕ್ಕಿದೆ. ಕಂಪ್ಯೂಟರಿನಲ್ಲಿಯೂ ಮೊಬೈಲಿನಲ್ಲಿಯೂ ಎಳೆಯರು ಮುಖ ಕಾಣದ ಎದುರಾಳಿಗಳೊಡನೆ ರಾಜ್ಯ ಕಟ್ಟುವ, ಸೈನ್ಯ ನಡೆಯಿಸುವ, ಕೋಟೆ ಕಾಯುವ ತಂತ್ರದ ಆಟಗಳನ್ನು ಆಡುತ್ತಾರೆ. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಭಾರತದ ಸಂಸತ್ತು 2025ರಲ್ಲಿ ಕಾಯ್ದೆ ಮಾಡಿತು. ಇಲ್ಲಿಯ ವಿಚಾರ ಆ ಬಗೆಯ ಆಟಗಳದಲ್ಲ. ಬುದ್ಧಿಯನ್ನೇ ಪಣವಾಗಿಟ್ಟು ಗೆಲುವಿನ ಸಂತೋಷಕ್ಕಾಗಿ ಆಡುವ ಆಟಗಳಲ್ಲಿಯೂ ಈ ಧರ್ಮಸಂಕಟ ತಪ್ಪಿದ್ದಲ್ಲ. ಹೊರಗಿನ ಸಾಫ್ಟ್‌ವೇರನ್ನು ತಂದು ಯಂತ್ರವನ್ನೇ ತಿದ್ದುವುದು ಮೋಸವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಸಂಶಯ ಹುಟ್ಟುವುದು ಯಂತ್ರವನ್ನು ಮುಟ್ಟದೆ, ಯಂತ್ರವೇ ಮರೆತು ತೆರೆದಿಟ್ಟ ಬಾಗಿಲಿನಿಂದ ಒಳಹೊಕ್ಕವನ ವಿಷಯದಲ್ಲಿ. ಅವನನ್ನು ಕೇಳಿದರೆ, “ಆಟವೇ ಬಿಟ್ಟಿತಲ್ಲ! ಇದರಲ್ಲಿ ತಪ್ಪೇನು?” ಎನ್ನುತ್ತಾನೆ.

ಈ ಉತ್ತರಕ್ಕೆ ಒಂದು ಬಲವಿದೆ. ಬಯಲಿನ ಆಟದ ಕಟ್ಟಳೆ ಮಾತಿನಲ್ಲಿ ಇರುವುದು, ಮಾತಿಗೆ ಅರ್ಥವುಂಟು, ಅರ್ಥದಲ್ಲಿ ಸಂದೇಹ ಬಂದರೆ ತೀರ್ಪುಗಾರನು ತೀರ್ಮಾನಿಸುವನು. ಯಂತ್ರದ ಆಟದಲ್ಲಿ ಹಾಗಲ್ಲ. ಅಲ್ಲಿ ತಯಾರಕನು ಮನಸ್ಸಿನಲ್ಲಿ ಎಣಿಸಿದ ಕಟ್ಟಳೆಯೊಂದು, ಯಂತ್ರವು ನಿಜವಾಗಿ ನಡೆಯಿಸುವ ಕಟ್ಟಳೆ ಇನ್ನೊಂದು. ಇವೆರಡರ ನಡುವಿನ ಅಂತರವೇ ಸಂದು. ಎಣಿಸಿದುದು ಆಟಗಾರನಿಗೆ ಕಾಣಿಸದು. ನಡೆಯುವುದು ಮಾತ್ರ ಕಾಣಿಸುವುದು. ಕಾಣದ ಮನಸ್ಸಿಗೆ ಬದ್ಧನಾಗಿರೆಂದು ಅವನಿಗೆ ಹೇಳುವುದು ಹೇಗೆ?

ಅಮೆರಿಕದ ಬ್ಲಿಜರ್ಡ್ ಸಂಸ್ಥೆಯಿಂದ 1998ರಲ್ಲಿ ಹೊರಬಂದ ‘ಸ್ಟಾರ್‌ಕ್ರಾಫ್ಟ್’ ಎಂಬ ಆಟ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಮ್ಯೂಟಲಿಸ್ಕ್ ಎಂಬ ಹಾರುವ ಸೈನ್ಯವೊಂದುಂಟು. ಸಾಧಾರಣವಾಗಿ ಈ ಹಾರುವ ಪ್ರಾಣಿಗಳು ಒಂದರಿಂದೊಂದು ದೂರ ಸರಿದು ಚದುರಿಕೊಳ್ಳುತ್ತವೆ. ಆದರೆ ದೂರದಲ್ಲಿರುವ ಬೇರೊಂದು ಜೀವಿಯನ್ನು ಅವುಗಳ ಗುಂಪಿಗೆ ಸೇರಿಸಿ ಅಪ್ಪಣೆ ಕೊಟ್ಟರೆ ಅವೆಲ್ಲವೂ ಒಂದೇ ಬಿಂದುವಿನಲ್ಲಿ ಒತ್ತೊತ್ತಾಗಿ ಹಾರುತ್ತವೆ. ಎದುರಾಳಿಗೆ ಒಂದನ್ನು ಮತ್ತೊಂದರಿಂದ ಬೇರ್ಪಡಿಸಿ ಹೊಡೆಯುವುದು ಕಷ್ಟವಾಗುತ್ತದೆ. ಇದು ಯಂತ್ರದ ನಡಿಗೆಯ ಒಂದು ವಿಚಿತ್ರ. ಆಟಗಾರರು ಆಡಿ ಆಡಿ ಕಂಡುಕೊಂಡದ್ದು. ಹೀಗಿದ್ದೂ ದಕ್ಷಿಣ ಕೊರಿಯದ ವೃತ್ತಿಪರ ಪಂದ್ಯಗಳಲ್ಲಿ ಅದು ಕಳ್ಳಾಟವೆನಿಸಲಿಲ್ಲ. ಅದನ್ನು ಸಾಧಿಸಲು ಬೆರಳುಗಳಿಗೆ ದೀರ್ಘವಾದ ಅಭ್ಯಾಸ ಬೇಕು. ಎದುರಾಳಿಯೂ ಅದನ್ನು ಬಲ್ಲ, ಅದಕ್ಕೆ ತಕ್ಕ ಪ್ರತಿತಂತ್ರವನ್ನೂ ಬಲ್ಲ. ಸಂದಿನಿಂದ ಹುಟ್ಟಿದುದು ಕೌಶಲವಾಯಿತು. ಆಟ ಬಡವಾಗಲಿಲ್ಲ, ಸಂಪನ್ನವಾಯಿತು.

ಚದುರಂಗದ ಇತಿಹಾಸದಲ್ಲಿಯೂ ಇಂಥದೊಂದು ಸಂಗತಿ ಇದೆ. ಮೊದಲು ಕಾಲಾಳು ಒಂದೊಂದೇ ಮನೆ ಮುಂದೆ ಹೋಗುತ್ತಿತ್ತು. ಯುರೋಪಿನಲ್ಲಿ ಆಟದ ವೇಗ ಹೆಚ್ಚಲೆಂದು ಮೊದಲ ನಡೆಯಲ್ಲಿ ಅದು ಎರಡು ಮನೆ ಹಾರಬಹುದೆಂದು ವಿಧಿಸಿದರು. ಹಾಗೆ ವಿಧಿಸಿದ್ದರಿಂದ, ಎದುರಿನ ಕಾಲಾಳಿನ ಹೊಡೆತಕ್ಕೆ ಸಿಕ್ಕಬೇಕಾಗಿದ್ದ ಕಾಯಿ ಎರಡು ಮನೆ ನೆಗೆದು ತಪ್ಪಿಸಿಕೊಳ್ಳುವ ಸಂದೊಂದು ಉಂಟಾಯಿತು. ಅದನ್ನು ಮುಚ್ಚಲು, ಹಾಗೆ ದಾಟಿಹೋದ ಕಾಲಾಳನ್ನು ಒಡನೆಯೇ ಮುಂದಿನ ನಡೆಯಲ್ಲಿ ಹೊಡೆಯಬಹುದೆಂಬ ನಿಯಮ ಬಂದಿತು. ಸಂದು ಕಂಡಲ್ಲಿ ಕಟ್ಟಳೆಯನ್ನು ತಿದ್ದಿದರೇ ಹೊರತು ಅದುವರೆಗೆ ಆ ನಡೆ ನಡೆದವರನ್ನು ಕಳ್ಳರೆಂದು ಕರೆಯಲಿಲ್ಲ.

ಇವುಗಳ ಆಧಾರದ ಮೇಲೆ ಒಂದು ಪೂರ್ವಪಕ್ಷ ನಿಲ್ಲುತ್ತದೆ. ಅಮೆರಿಕದ ಆಟರಚಕ ಡೇವಿಡ್ ಸಿರ್ಲಿನ್ ಎಂಬವರು ಗೆಲುವಿಗಾಗಿ ಆಡುವುದನ್ನು ಕುರಿತ ತಮ್ಮ ಪುಸ್ತಕದಲ್ಲಿ ಇದನ್ನು ನಿಷ್ಠುರವಾಗಿ ಮಂಡಿಸಿದ್ದಾರೆ. ಅವರ ಅಭಿಪ್ರಾಯದ ಸಾರವಿಷ್ಟು: ಸೋತವನು ತನಗೆ ಹಿಡಿಸದ ತಂತ್ರಕ್ಕೆಲ್ಲ ‘ಅನ್ಯಾಯ’ವೆಂದು ಹೆಸರಿಡುತ್ತಾನೆ, ಯಾರೂ ಒಪ್ಪದ ಕಟ್ಟಳೆಗಳನ್ನು ತಾನೇ ಕಲ್ಪಿಸಿಕೊಂಡು, ಅವುಗಳೊಳಗೆ ತನ್ನನ್ನು ತಾನೇ ಕಟ್ಟಿಹಾಕಿಕೊಂಡು, ಕಟ್ಟಿಕೊಳ್ಳದವನನ್ನು ದೂರುತ್ತಾನೆ. ಯಾವುದಾದರೊಂದನ್ನು ನಿಷೇಧಿಸಬೇಕಾದರೆ ಆ ನಿಷೇಧ ಜಾರಿಗೆ ತರುವಂತಿರಬೇಕು, ಯಾವುದು ನಿಷಿದ್ಧವೆಂಬುದಕ್ಕೆ ಸ್ಪಷ್ಟವಾದ ಗೆರೆ ಇರಬೇಕು, ನಿಷೇಧಿಸುವುದಕ್ಕೆ ನಿಜವಾದ ಕಾರಣವಿರಬೇಕು. ಈ ಮೂರೂ ಇಲ್ಲದ ಕಡೆಯಲ್ಲಿ ದೂರು ಬರಿಯ ದೂರು.

ಈ ಮಾತಿನಲ್ಲಿ ಸತ್ಯಾಂಶ ಬಹಳವಿದೆ. 1999ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್’ ಆಟದ ಎರಡನೆಯ ಭಾಗದಲ್ಲಿ ಪ್ರತಿಯೊಬ್ಬನ ಊರಿನ ಬಳಿಯೂ ಕಾಡುಹಂದಿಗಳಿರುತ್ತವೆ. ಆರಂಭದ ಆಹಾರಕ್ಕೆ ಅವು ಮುಖ್ಯ. ಎದುರಾಳಿಯ ಹಂದಿಯನ್ನು ಅವನಿಗಿಂತ ಮೊದಲೇ ಸೆಳೆದುಕೊಂಡು ಹೋಗುವ ಆಟಗಾರರುಂಟು. ಕಳೆದುಕೊಂಡವನು ಕೂಗಾಡುತ್ತಾನೆ. ಆದರೆ ಹಂದಿ ಯಾರ ಮನೆಯ ಸೊತ್ತೆಂದು ಆಟ ಹೇಳಿಲ್ಲ. ಇಂಥ ನಡೆ ಇದೆಯೆಂಬುದು ಆಡುವವರಿಗೆಲ್ಲ ಗೊತ್ತು. ಕಾಯುವ ದಾರಿಯೂ ಉಂಟು. ಹಿಡಿಸದಿದ್ದರೆ ಆಟಕ್ಕೆ ಮೊದಲೇ ಬೇಡವೆಂದು ಮಾತಾಡಿಕೊಳ್ಳಬಹುದು. ಮನಸ್ಸಿಗೆ ಕಹಿಯಾದುದೆಲ್ಲ ಅಧರ್ಮವಲ್ಲ.

ಆದರೂ ಪೂರ್ವಪಕ್ಷ ಪೂರ್ಣವಲ್ಲ. ಅದು ಯಂತ್ರವನ್ನು ನೋಡುತ್ತದೆ, ನಡೆಯನ್ನು ನೋಡುತ್ತದೆ. ಆಡುವ ಇಬ್ಬರ ನಡುವೆ ಇರುವ ಒಪ್ಪಂದವನ್ನು ಸಾಕಷ್ಟು ನೋಡುವುದಿಲ್ಲ. ಕೆನಡಾದಲ್ಲಿ ಅಧ್ಯಾಪಕರಾಗಿದ್ದ ತತ್ತ್ವಜ್ಞ ಬರ್ನಾರ್ಡ್ ಸೂಟ್ಸ್ 1978ರಲ್ಲಿ ಪ್ರಕಟವಾದ ‘ದಿ ಗ್ರಾಸ್‌ಹಾಪರ್’ ಗ್ರಂಥದಲ್ಲಿ ಆಟದ ಸ್ವರೂಪವನ್ನು ವಿವೇಚಿಸುತ್ತ, ಗುರಿ ಮುಟ್ಟಲು ಸುಲಭವಾದ ದಾರಿ ಇರುವಲ್ಲಿಯೂ ಅದನ್ನು ಬಿಟ್ಟು ಕಷ್ಟದ ದಾರಿಯನ್ನು ಮನಸಾರೆ ಒಪ್ಪುವುದೇ ಆಟದ ಲಕ್ಷಣವೆಂದು ತೋರಿಸಿದರು. ಓಟದ ಸ್ಪರ್ಧೆಯಲ್ಲಿ ಮೈದಾನವನ್ನು ಅಡ್ಡ ಹಾಯ್ದರೆ ಗೆರೆ ಬೇಗ ಸಿಕ್ಕುತ್ತದೆ. ಆದರೆ ಹಾಗೆ ಗೆರೆ ಮುಟ್ಟಿದವನು ಓಟವನ್ನು ಗೆದ್ದವನಲ್ಲ, ಓಡದೆ ಉಳಿದವನು. ಗುರಿಯೊಂದನ್ನೇ ಹಿಡಿದು ದಾರಿಯನ್ನು ಬಿಟ್ಟವನಿಗೆ ಕೈಗೆ ಬಂದುದು ಗುರಿಯೂ ಅಲ್ಲ.

ಆದುದರಿಂದ ಇಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಎಳೆ ಇದು: ಗುಟ್ಟಾದ ತಂತ್ರ ಬೇರೆ, ಗುಟ್ಟಾದ ಆಟ ಬೇರೆ. ಯಾವ ಕಡೆಯಿಂದ ದಾಳಿ ಮಾಡುವೆನೆಂದು ಸೇನಾಪತಿ ಎದುರಾಳಿಗೆ ಹೇಳಬೇಕಾಗಿಲ್ಲ; ಗುಟ್ಟು ತಂತ್ರದ ಪ್ರಾಣ. ಏಕೆಂದರೆ ಯಾವ ಯಾವ ಕಡೆಯಿಂದ ದಾಳಿ ಬರಬಹುದೆಂಬುದು ಇಬ್ಬರಿಗೂ ತಿಳಿದಿದೆ. ತಿಳಿಯದುದು ಇಂದು ಯಾವುದು ಬರುವುದೆಂಬುದಷ್ಟೆ. ಆದರೆ ಯಂತ್ರದ ದೋಷವೊಂದನ್ನು ಕಂಡುಕೊಂಡು ಅದನ್ನು ಮುಚ್ಚಿಟ್ಟು ಗೆಲ್ಲುತ್ತ ಹೋಗುವವನು ಬಚ್ಚಿಟ್ಟಿರುವುದು ತಂತ್ರವನ್ನಲ್ಲ, ಕಟ್ಟಳೆಯನ್ನೇ. ಒಂದೇ ಹಾಸಿನ ಎದುರು ಕುಳಿತಿದ್ದರೂ ಇಬ್ಬರೂ ಆಡುತ್ತಿರುವುದು ಬೇರೆ ಬೇರೆ ಆಟ. ಒಬ್ಬನಿಗೆ ಮಾತ್ರ ಅದು ಗೊತ್ತು. ಡಚ್ ಇತಿಹಾಸಕಾರ ಯೋಹಾನ್ ಹಾಯ್ಜಿಂಗ 1938ರ ‘ಹೋಮೊ ಲುಡೆನ್ಸ್’ ಗ್ರಂಥದಲ್ಲಿ ಆಟಗೆಡಕನಿಗೂ ಕಳ್ಳಾಟದವನಿಗೂ ಭೇದವನ್ನು ಹೇಳುತ್ತಾರೆ: ಆಟಗೆಡಕನು ಎದ್ದುನಿಂತು ಆಟವನ್ನೇ ಮುರಿಯುತ್ತಾನೆ, ಕಳ್ಳಾಟದವನು ಆಡುತ್ತಿರುವಂತೆ ನಟಿಸುತ್ತಾನೆ. ಈ ನಟನೆಯೇ ದೋಷದ ಬೇರು. ಬಹಿರಂಗದಲ್ಲಿ ಆಟಗಾರ, ಅಂತರಂಗದಲ್ಲಿ ಬೇರೆ.

ಈ ಭೇದವನ್ನು ‘ಈವ್ ಆನ್‌ಲೈನ್’ ಎಂಬ ಆಟದ ಎರಡು ಘಟನೆಗಳು ಸ್ಪಷ್ಟಪಡಿಸುತ್ತವೆ. ಐಸ್‌ಲೆಂಡ್ ದೇಶದ ಸಿಸಿಪಿ ಸಂಸ್ಥೆ 2003ರಲ್ಲಿ ಆರಂಭಿಸಿದ ಈ ಆಟದಲ್ಲಿ ಸಾವಿರಾರು ಮಂದಿ ಒಂದೇ ಕಲ್ಪಿತ ಲೋಕದಲ್ಲಿ ವ್ಯಾಪಾರ ಮಾಡುತ್ತಾರೆ, ಕೂಟಗಳನ್ನು ಕಟ್ಟುತ್ತಾರೆ, ಯುದ್ಧ ಹೂಡುತ್ತಾರೆ. ಆಟದೊಳಗೆ ವಂಚನೆ, ಗೂಢಚಾರಿಕೆ, ದ್ರೋಹ ಇವೆಲ್ಲಕ್ಕೂ ಎಡೆಯುಂಟೆಂಬುದು ಅಲ್ಲಿ ಬಹಿರಂಗವಾದ ಮಾತು. 2005ರಲ್ಲಿ ಒಂದು ಗುಂಪು ಎದುರಾಳಿ ಕೂಟದೊಳಕ್ಕೆ ತನ್ನವರನ್ನು ಬಹುಕಾಲ ಮೊದಲೇ ಸೇರಿಸಿ, ನಂಬಿಕೆ ಗಳಿಸಿ, ಒಂದು ದಿನ ಆ ಕೂಟದ ಭಂಡಾರವನ್ನೇ ಬರಿದು ಮಾಡಿತು. ಹೋದ ಸೊತ್ತಿನ ಬೆಲೆ ಆಟದ ನಾಣ್ಯದಲ್ಲಿ ಸುಮಾರು 3,000 ಕೋಟಿ; ನಿಜವಾದ ಹಣಕ್ಕೆ ಹೋಲಿಸಿ 16,500 ಡಾಲರಿನಷ್ಟೆಂದು ಆಗ ಪತ್ರಿಕೆಗಳು ಲೆಕ್ಕ ಹಾಕಿದುವು. ಸಂಸ್ಥೆ ಯಾರನ್ನೂ ದಂಡಿಸಲಿಲ್ಲ. 2008ರ ಕೊನೆಯಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಆಕಾಶದ ಕಾರ್ಖಾನೆಗಳ ಯಂತ್ರದೋಷವೊಂದರಿಂದ ಕಚ್ಚಾ ಸಾಮಗ್ರಿಯೇ ಇಲ್ಲದೆ ಬೆಲೆಬಾಳುವ ಪದಾರ್ಥ ತಯಾರಾಗುತ್ತಿತ್ತು. ಅದನ್ನು ಬಲ್ಲ ಕೆಲವರು ಬಾಯಿಬಿಡದೆ ಬಹುಕಾಲ ಮಾರಿಕೊಂಡು ಬಂದಿದ್ದರು. ಈ ಸಲ ಸಂಸ್ಥೆ ಅವರ ಖಾತೆಗಳನ್ನು ಮುಚ್ಚಿಸಿತು.

ಮೇಲುನೋಟಕ್ಕೆ ಈ ನ್ಯಾಯ ತಲೆಕೆಳಗಾಗಿ ಕಾಣುತ್ತದೆ. ಮಿತ್ರದ್ರೋಹ ಮಾಡಿದವರು ಪಾರಾದರು. ಯಾರ ಮನೆಯನ್ನೂ ಒಡೆಯದೆ ಬರಿಯ ಲಾಭ ಮಾಡಿಕೊಂಡವರು ಹೊರಬಿದ್ದರು. ಆದರೆ ವಿಚಾರಿಸಿದರೆ ಇದರ ಮರ್ಮ ತಿಳಿಯುತ್ತದೆ. ಮೊದಲನೆಯವರು ಕದ್ದ ಸೊತ್ತು ಕಟ್ಟಳೆಯ ಪ್ರಕಾರ ದುಡಿದು ಕೂಡಿಸಿದ್ದು; ಕದಿಯುವರೆಂಬ ಎಚ್ಚರಿಕೆ ಎಲ್ಲರಿಗೂ ಮೊದಲೇ ಇತ್ತು; ಕಾವಲಿಡುವ ಅವಕಾಶವೂ ಇತ್ತು. ಎರಡನೆಯವರು ಸೃಷ್ಟಿಸಿದ ಸೊತ್ತಿನ ಹಿಂದೆ ದುಡಿಮೆಯೇ ಇರಲಿಲ್ಲ. ಅದೇ ಪದಾರ್ಥಕ್ಕಾಗಿ ಸರಿಯಾದ ದಾರಿಯಲ್ಲಿ ದುಡಿದ ಪ್ರತಿಯೊಬ್ಬ ಅಜ್ಞಾತ ಆಟಗಾರನ ದುಡಿಮೆಯ ಬೆಲೆಯನ್ನೂ ಅವರು ಕುಂದಿಸಿದರು. ಎಚ್ಚರವಾಗಿರುವ ದಾರಿಯೇ ಇಲ್ಲದವನ ಮೇಲೆ ನಡೆದ ಹೊಡೆತ ಅದು. ಹಾಗೆಂದು ಮೊದಲನೆಯ ಕೃತ್ಯ ಶ್ಲಾಘ್ಯವೆಂದು ಅರ್ಥವಲ್ಲ. ಆಟದ ಹೆಸರಿನಲ್ಲಿ ತಿಂಗಳುಗಟ್ಟಲೆ ಒಬ್ಬನ ಸ್ನೇಹವನ್ನು ಗಳಿಸಿ ಮುರಿಯುವಾಗ, ಆಟದ ಪಾತ್ರದ ಹಿಂದಿರುವ ಮನುಷ್ಯನಿಗೂ ನೋವು ತಟ್ಟುತ್ತದೆ. ಆ ದೋಷ ಆಟದ ಧರ್ಮಕ್ಕೆ ಸೇರಿದುದಲ್ಲ, ಮನುಷ್ಯಧರ್ಮಕ್ಕೆ ಸೇರಿದುದು. ಅದರ ತೀರ್ಪನ್ನು ಆಟದ ಸಂಸ್ಥೆ ಕೊಡಲಾರದು.

ಇಲ್ಲಿ ಒಂದು ಶಂಕೆ ಏಳಬಹುದು. ಬಚ್ಚಿಡದಿದ್ದರೆ ಸಾಕೇ? ಎಲ್ಲರೆದುರು ಮಾಡಿದ ಮಾತ್ರಕ್ಕೆ ಸಂದಿನ ಉಪಯೋಗ ಶುದ್ಧವಾಗುವುದೇ? ಸಾಕಾಗದೆಂಬುದಕ್ಕೆ ಕ್ರಿಕೆಟ್ಟಿನ ಒಂದು ಪ್ರಸಂಗ ಸಾಕ್ಷಿ. 1981ರ ಫೆಬ್ರವರಿ 1ರಂದು ಮೆಲ್ಬರ್ನಿನಲ್ಲಿ ಆಸ್ಟ್ರೇಲಿಯ ನ್ಯೂಜಿಲೆಂಡ್ ತಂಡಗಳ ಏಕದಿನ ಪಂದ್ಯದ ಕೊನೆಯ ಚೆಂಡಿಗೆ ನ್ಯೂಜಿಲೆಂಡ್ ಸಮ ಮಾಡಿಕೊಳ್ಳಲು 6 ಓಟಗಳು ಬೇಕಾಗಿದ್ದುವು. ಆಸ್ಟ್ರೇಲಿಯದ ನಾಯಕ ಗ್ರೆಗ್ ಚಾಪೆಲ್ ಚೆಂಡನ್ನು ನೆಲದ ಮೇಲೆ ಉರುಳಿಸಿಬಿಡುವಂತೆ ತಮ್ಮನಾದ ಟ್ರೆವರ್ ಚಾಪೆಲ್‌ಗೆ ಹೇಳಿದರು. ಆಗಿನ ಕಟ್ಟಳೆ ಅದನ್ನು ತಡೆದಿರಲಿಲ್ಲ. ತೀರ್ಪುಗಾರನಿಗೂ ದಾಂಡಿಗನಿಗೂ ತಿಳಿಸಿಯೇ ಉರುಳಿಸಿದರು. ಗುಟ್ಟೇನೂ ಇರಲಿಲ್ಲ; ಆದರೂ ಎರಡು ದೇಶಗಳಲ್ಲಿಯೂ ಜನ ಅದನ್ನು ಹಳಿದರು. ಏಕೆಂದರೆ ಆ ಚೆಂಡು ದಾಂಡಿಗನನ್ನು ಸೋಲಿಸಲಿಲ್ಲ. ಅವನಿಗೆ ಆಡುವುದಕ್ಕೆ ಉಳಿದಿದ್ದ ಆಟವನ್ನೇ ಕಸಿದುಕೊಂಡಿತು. ಅನಂತರ ಅಂಥ ಎಸೆತವನ್ನು ಏಕದಿನ ಪಂದ್ಯಗಳಲ್ಲಿ ನಿಷೇಧಿಸಲಾಯಿತು.

ಹೀಗೆ ನೋಡಿದರೆ ಸಂದನ್ನು ಅಳೆಯುವ ಪ್ರಶ್ನೆಗಳು ಎರಡು. ಆಡುವ ಮೊದಲೇ ಇದನ್ನು ಎದುರಾಳಿಗೆ ಹೇಳಬಹುದಾಗಿತ್ತೇ ಎಂಬುದು ಒಂದು. ಹೇಳಿದ ಮೇಲೆಯೂ ಅವನಿಗೆ ಆಡಲು ಆಟ ಉಳಿಯುತ್ತಿತ್ತೇ ಎಂಬುದು ಇನ್ನೊಂದು. ಮ್ಯೂಟಲಿಸ್ಕ್‌ಗಳ ಗುಂಪು ಎರಡರಲ್ಲಿಯೂ ತೇರ್ಗಡೆಯಾಗುತ್ತದೆ. ಶೂನ್ಯದಿಂದ ಸೊತ್ತು ಹುಟ್ಟಿಸಿದ ಕಾರ್ಖಾನೆ ಎರಡರಲ್ಲಿಯೂ ಸೋಲುತ್ತದೆ: ಹೇಳಿದರೆ ಆ ದಿನವೇ ಮುಚ್ಚಿಹೋಗುತ್ತಿತ್ತು, ಎಲ್ಲರೂ ಹಾಗೆಯೇ ಮಾಡಿದ್ದರೆ ಪೇಟೆಯೇ ಉಳಿಯುತ್ತಿರಲಿಲ್ಲ. ಉರುಳಿದ ಚೆಂಡು ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲುತ್ತದೆ.

ನಡುಗೆರೆಯ ಮೇಲೆ ನಿಲ್ಲುವ ಪ್ರಸಂಗಗಳೂ ಇಲ್ಲದಿಲ್ಲ. 2013ರ ಆಗಸ್ಟಿನಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ‘ಡೋಟಾ 2’ ಆಟದ ಮಹಾಸ್ಪರ್ಧೆ ನಡೆದಾಗ, ಉಕ್ರೇನಿನ ನಾವಿ ತಂಡ ಚೀನದ ಟಾಂಗ್‌ಫು ತಂಡದ ಎದುರು ಸೋಲಿನ ಅಂಚಿನಲ್ಲಿತ್ತು. ಆಗ ಅದು ತನ್ನ ಇಬ್ಬರು ವೀರರ ಶಕ್ತಿಗಳನ್ನು ಜೋಡಿಸಿತು. ಒಬ್ಬನು ಕೊಕ್ಕೆ ಎಸೆದು ಶತ್ರುವನ್ನು ಹಿಡಿದ ಕ್ಷಣದಲ್ಲಿಯೇ ಇನ್ನೊಬ್ಬನು ಆ ಕೊಕ್ಕೆಯವನನ್ನು ತಮ್ಮ ಬೀಡಿಗೆ ಕಳುಹಿಸಿಬಿಡುವನು. ಕೊಕ್ಕೆಗೆ ಸಿಕ್ಕಿದ ಶತ್ರು ಬಯಲಿನ ಉದ್ದಕ್ಕೂ ಎಳೆದುಬಂದು ಬೀಡಿನ ಮೃತ್ಯುಸ್ಥಾನದಲ್ಲಿ ಬೀಳುವನು. ನಾವಿ ಗೆದ್ದಿತು, ಪ್ರೇಕ್ಷಕರು ಎರಡು ಪಕ್ಷವಾದರು. ಇದು ಕಳ್ಳಾಟವೇ? ಆ ಎರಡು ಶಕ್ತಿಗಳೂ ಎಲ್ಲರಿಗೂ ಗೊತ್ತಿದ್ದುವೇ. ಪಂದ್ಯಕ್ಕೆ ಮುನ್ನ ತಮಗೆ ಬೇಡವಾದ ವೀರರನ್ನು ನಿಷೇಧಿಸುವ ಅಧಿಕಾರ ಎರಡೂ ತಂಡಗಳಿಗೆ ಇತ್ತು. ಕ್ಷಣದ ಲೆಕ್ಕ ತಪ್ಪಿದರೆ ಕೊಕ್ಕೆ ವ್ಯರ್ಥವಾಗುವಷ್ಟು ಅದು ಕಠಿಣ. ಇದನ್ನೆಲ್ಲ ತೂಗಿದರೆ ಆಟಗಾರರ ಮೇಲೆ ದೋಷ ಹೊರಿಸಲಾಗದು. ಆದರೆ ಕೊಕ್ಕೆಗೆ ಸಿಕ್ಕಿದ ಮೇಲೆ ಬಿಡುಗಡೆಯ ದಾರಿ ಇಲ್ಲವೆಂಬುದನ್ನು ತಯಾರಕರೂ ಮನಗಂಡರು. ಕೆಲವೇ ತಿಂಗಳಲ್ಲಿ ಆ ಜೋಡಣೆಯನ್ನು ಆಟದಿಂದ ತೆಗೆದುಹಾಕಿದರು. ಆಡಿದವನು ನಿರ್ದೋಷಿಯಾಗಿದ್ದೂ ಕಟ್ಟಳೆ ಸದೋಷವಾಗಿರಬಹುದೆಂಬುದಕ್ಕೆ ಇದು ನಿದರ್ಶನ.

ಹಾಗಾದರೆ ಸಂದನ್ನು ಕಂಡವನ ಕರ್ತವ್ಯವೇನು? ಕಂಡುಹಿಡಿಯುವುದರಲ್ಲಿ ಪಾಪವಿಲ್ಲ, ಅದು ಬುದ್ಧಿಯ ಚುರುಕು, ಮೆಚ್ಚತಕ್ಕದ್ದೇ. ಕಂಡುದನ್ನು ತಯಾರಕನಿಗೆ ತಿಳಿಸುವುದು, ಸ್ಪರ್ಧೆಯಾದರೆ ನಡೆಸುವವರನ್ನು ಮೊದಲೇ ಕೇಳುವುದು, ಗೆಳೆಯರ ಆಟವಾದರೆ ಕುಳಿತಾಗಲೇ ಮಾತಾಡಿಕೊಳ್ಳುವುದು, ಇಷ್ಟೇ ಅದರ ದಾರಿ. ಚೌಕಾಬಾರ ಆಡುವ ಮನೆಗಳಲ್ಲಿ ಇದು ಹೊಸತಲ್ಲ. ಒಂದು ಕಾಯಿಯನ್ನಾದರೂ ಕಡಿದ ಮೇಲೆಯೇ ಒಳಸುತ್ತಿಗೆ ಹೋಗಬೇಕೋ, ಹಾಗೆಯೇ ಹೋಗಬಹುದೋ ಎಂಬುದನ್ನು ಕವಡೆ ಉರುಳಿಸುವ ಮೊದಲೇ ತೀರ್ಮಾನಿಸಿಕೊಳ್ಳುತ್ತಾರೆ. ಒಂದು ಊರಿನ ಕಟ್ಟಳೆ ಇನ್ನೊಂದು ಊರಿನದಲ್ಲ. ಆದರೂ ಜಗಳವಿಲ್ಲ, ಏಕೆಂದರೆ ಮಾತು ಮೊದಲಾಯಿತು, ಆಟ ಆಮೇಲೆ.

ಆದರೆ ಈ ದಾರಿಗೆ ಬೆಲೆಯುಂಟೆಂಬುದನ್ನು ಮರೆಮಾಚಬಾರದು. ದೋಷವನ್ನು ತಿಳಿಸಿ ಅದು ತಿದ್ದುಪಡಿಯಾಗುವವರೆಗೆ ಸುಮ್ಮನಿದ್ದವನು, ಅದನ್ನು ಬಳಸುವವರ ಎದುರು ಸೋಲುತ್ತಾನೆ. ಶ್ರೇಯಾಂಕ ಪಟ್ಟಿಯಲ್ಲಿ ಅವನ ಹೆಸರು ಕೆಳಗಿಳಿಯುತ್ತದೆ. ಅವನು ಬಿಟ್ಟುಕೊಟ್ಟುದನ್ನು ಯಾರೂ ಬರೆದಿಡುವುದಿಲ್ಲ. ಈ ನಷ್ಟ ನಿಜವಾದುದು. ಅದಕ್ಕೆ ಪ್ರತಿಯಾಗಿ ಅವನಿಗೆ ದೊರೆಯುವುದು ಒಂದೇ: ತಾನು ಗೆದ್ದ ದಿನ ಗೆದ್ದುದು ತಾನೇ ಎಂಬ ಅರಿವು. ಸಂದಿನಿಂದ ಗೆದ್ದವನಿಗೆ ಸಂಖ್ಯೆ ಉಳಿಯುತ್ತದೆ, ಈ ಅರಿವು ಉಳಿಯುವುದಿಲ್ಲ. ಯಾರೂ ನೋಡದಿರುವಲ್ಲಿ ಇವೆರಡರಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾನೆಂಬುದರಲ್ಲಿಯೇ ಮನುಷ್ಯನ ತೂಕ ತಿಳಿಯುತ್ತದೆ. ಆಟದಲ್ಲಿ ಬೆಳೆದ ಮನಸ್ಸು ಆಟದ ಹೊರಗೂ ಅದೇ ಮನಸ್ಸು. ಸಂದು ಕಂಡೊಡನೆ ನುಸುಳುವುದನ್ನು ಬಾಲ್ಯದಲ್ಲಿ ಜಾಣತನವೆಂದು ಕಲಿತವನಿಗೆ, ಮುಂದೆ ಅಳತೆಯ ಕೋಲಿನಲ್ಲಿ, ತೆರಿಗೆಯ ಲೆಕ್ಕದಲ್ಲಿ, ಪಾಲುಪತ್ರದಲ್ಲಿ ಅದು ಜಾಣತನವಲ್ಲವೆಂದು ತಿಳಿಯಹೇಳುವುದು ಕಷ್ಟ.

ಆದುದರಿಂದ ಗೃಹಸ್ಥರು ಮಕ್ಕಳ ಕೈಯಿಂದ ಮೊಬೈಲನ್ನು ಕಿತ್ತುಕೊಂಡು ಈ ಪ್ರಶ್ನೆ ತೀರಿತೆಂದು ಭಾವಿಸಬಾರದು. ಮಕ್ಕಳು ಗೆದ್ದುಬಂದಾಗ ಹೇಗೆ ಗೆದ್ದರೆಂದು ಕೇಳದೆ ಬೆನ್ನು ತಟ್ಟಲೂಬಾರದು. “ಆಟವೇ ಬಿಟ್ಟಿತಲ್ಲ” ಎಂದು ಮಗು ಹೇಳಿದಾಗ ಬೈಯುವುದಕ್ಕಿಂತ ಒಂದು ಮಾತು ಕೇಳುವುದು ಲೇಸು: “ಎದುರಿನವನಿಗೆ ಇದು ಗೊತ್ತಿತ್ತೇನಪ್ಪ? ಗೊತ್ತಾಗಿದ್ದರೂ ಅವನು ನಿನ್ನೊಡನೆ ಆಡುತ್ತಿದ್ದನೇ?” ಆಡುತ್ತಿದ್ದನೆಂದು ಮಗು ಧೈರ್ಯವಾಗಿ ಹೇಳಬಲ್ಲುದಾದರೆ ಆ ಗೆಲುವಿಗೆ ಹಿರಿಯರೂ ಸಂತೋಷಪಡಬಹುದು. ಹೇಳಲಾರದೆ ತಲೆ ತಗ್ಗಿಸಿದರೆ, ಅದಕ್ಕಿಂತ ಹೆಚ್ಚಿನ ಉಪದೇಶ ಬೇಕಾಗಿಲ್ಲ. ಯಂತ್ರ ಕಾಣದೆ ಬಿಟ್ಟ ಸಂದನ್ನು ಆ ಮಗು ತನ್ನೊಳಗೆ ಕಂಡಿತೆಂದೇ ತಿಳಿಯತಕ್ಕದ್ದು.